ಏರುವಾಗಿನ ಕೂಗು

ರೋಲರ್ ಕೋಸ್ಟರ್‌ನಿಂದ ಇಳಿದ ಹೆಂಡತಿ ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹೋಗಿ ಮತ್ತೆ ಸಾಲಿನ ತುದಿಗೆ ನಿಂತಳು. ಬೆಳಗಿನಿಂದ ಇದೇ ಕಥೆ. ಅವಳ ಕೈಚೀಲ, ಕನ್ನಡಕ, ಚಪ್ಪಲಿಗಳಿಗೆ ಕಾವಲುಗಾರನಾಗಿ ಕೂತಿದ್ದ ಗಂಡ, ಕಸುಬಿನಲ್ಲಿ ಲಿಫ್ಟ್ ಮೆಕ್ಯಾನಿಕ್, ಒಳಗೊಳಗೇ ಕುದಿಯುತ್ತಿದ್ದ. ಮಗಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಹೆತ್ತವಳಿಗೆ ಆಟ ಬೇಕಾಯಿತೆ?

ಇಲ್ಲಿಗೆ ಬರುವ ಹಟ ಅವಳದೇ. ಪಾರ್ಕಿನವರೇ ನಡೆಸುವ ರೆಸಾರ್ಟಿನಲ್ಲಿ, ಡೇರೆಯೊಳಗೆ, ಎರಡು ರಾತ್ರಿ. ಅನುಕೂಲಕ್ಕೇನೂ ಕಮ್ಮಿಯಿರಲಿಲ್ಲ. ಬಿಸಿನೀರು ಇತ್ತು, ಡೇರೆಯ ಬಾಗಿಲಿಗೇ ಪುಟಾಣಿ ಬಸ್ಸು ಬರುತ್ತಿತ್ತು, ಯಾವ ಆಟವನ್ನು ಎಷ್ಟು ಸಲ ಬೇಕಾದರೂ ಹತ್ತಬಹುದೆಂದು ಕೈಗೊಂದು ಪಟ್ಟಿ ಕಟ್ಟಿದ್ದರು. ಆದರೆ ದಿಂಬಿಗೆ ಬೇರೆ ದುಡ್ಡು, ಕಂಬಳಿಗೆ ಬೇರೆ, ದೀಪಕ್ಕೂ ಬೇರೆ.

"ಉಸಿರಾಡೋಕೊಂದು ಬಿಲ್ ಹಾಕಿಲ್ಲ, ಮರ್ತಿರ್ಬೇಕು," ಎಂದು ಅವನು ನಿನ್ನೆ ಗೊಣಗಿದ್ದ. "ಇದೇ ದುಡ್ಡಿಗೆ ನಾಲ್ಕು ಗೋಡೆ ಇರೋ ರೂಮೇ ಸಿಗ್ತಿತ್ತು."

"ಗೋಡೆ ನೋಡಿ ನೋಡಿ ಸಾಕಾಗಿದೆ," ಎಂದವಳೇ ಅವಳು ಕೈಯನ್ನೇ ದಿಂಬು ಮಾಡಿಕೊಂಡು ಮಗ್ಗುಲಾಗಿದ್ದಳು.

ಮನೆಯಲ್ಲಿ ಅವನ ತಾಯಿ ಇದ್ದರು, ಎದೆ ವೀಕು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮೊಮ್ಮಗಳು ಜ್ವರ ಬಂದು ಹೋಗಿಬಿಟ್ಟಳು ಎಂದು ಕೇಳಿದರೆ ಮುದುಕಿ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಹೇಳುವುದೇ ಬೇಡ ಎಂದು ತೀರ್ಮಾನಿಸಿದ್ದು ಅವನು. "ಅಳಬೇಡ, ಅಮ್ಮಂಗೆ ಕೇಳಿಸುತ್ತೆ" ಎಂದು ಹೆಂಡತಿಯ ಬಾಯಿಗೆ ಬೀಗ ಹಾಕಿದ್ದೂ ಅವನೇ. ಅಂದಿನಿಂದ ಮುದುಕಿ ಸಂಜೆಯಾದರೆ ಸಾಕು, "ಮಗು ಫೋನ್ ಮಾಡಿತ್ತಾ?" ಎಂದು ಕೇಳುವರು. ಹೆಂಡತಿ ತರಕಾರಿ ಹೆಚ್ಚುತ್ತ, ತಲೆಯೆತ್ತದೆ, "ಮಾಡಿದ್ಲು ಅತ್ತೆ, ನಿಮ್ಮನ್ನೇ ಕೇಳ್ತಿದ್ಲು" ಎನ್ನುವಳು. ಅವಳ ಕೆಲಸವಾದರೂ ಎಲ್ಲಿ? ಲೈಬ್ರರಿಯಲ್ಲಿ, ಕೆಮ್ಮಿದರೂ ಹತ್ತು ತಲೆ ತಿರುಗುವ ಜಾಗದಲ್ಲಿ. ಇಷ್ಟು ದಿನ ಅವಳು ಒಮ್ಮೆಯೂ ಅತ್ತದ್ದನ್ನು ಅವನು ಕಂಡಿರಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡಿದ್ದ. ಮರೆತೇಬಿಟ್ಟಿದ್ದಾಳೆ ಎಂದು ಈಗ ಅನ್ನಿಸಿತು.

ತಡೆಯಲಾಗದೆ ಎದ್ದು ಕಟಕಟೆಯ ಹತ್ತಿರ ಹೋದ. ಅಷ್ಟರಲ್ಲಿ ಬಂಡಿ ಅವಳನ್ನು ಕೂರಿಸಿಕೊಂಡು ಹೊರಟಾಗಿತ್ತು. ಗುಂಡಿ ಒತ್ತುವವನು ಅವನ ಕೈಯಲ್ಲಿದ್ದ ಹೆಂಗಸಿನ ಕೈಚೀಲ ನೋಡಿ, "ಆ ಅಮ್ಮ ನಿಮ್ಮವರಾ ಸಾರ್?" ಎಂದು ಕೇಳಿದ.

"ಹೌದು. ಯಾಕೆ?"

"ಏನಿಲ್ಲ... ಎಲ್ಲರೂ ಬಂಡಿ ಕೆಳಗಿಳಿಯೋವಾಗ ಕಿರುಚ್ತಾರೆ. ಇವರು ಅದು ಮೇಲೇರೋವಾಗ್ಲೇ ಶುರು ಮಾಡ್ತಾರೆ. ಬಂಡಿ ಆಗ ತೆವಳ್ತಾ ಇರುತ್ತೆ, ಹೆದರೋಕೆ ಏನೂ ಇರಲ್ಲ. ಧುಮುಕೋವಾಗ ನೋಡಿದ್ರೆ ಸುಮ್ಮನೆ ಕೂತಿರ್ತಾರೆ."

ಮೆಕ್ಯಾನಿಕ್ ತಲೆಯೆತ್ತಿದ. ಕಸುಬಿನ ಕಿವಿ ಮೊದಲು ಹಿಡಿದದ್ದು ಬಂಡಿಯನ್ನು ಮೇಲೆಳೆಯುವ ಸರಪಳಿಯ ಕಟಕಟ ಸದ್ದನ್ನು. ಅದರ ಮೇಲೆ ಅವಳ ದನಿ ಕೇಳಿತು. ಅದು ಆಟದ ಕಿರುಚಾಟವಾಗಿರಲಿಲ್ಲ. ಹೆಣದ ಮುಂದೆ ಕೂತು ತಾಯಂದಿರು ಅಳುವ ಅಳು, ಕಂದಾ, ನನ್ನ ಕಂದಾ ಎಂದು ಹೊಟ್ಟೆಯ ಬುಡದಿಂದ ಎದ್ದು ಬರುತ್ತಿತ್ತು. ಪಕ್ಕದಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ ಹೆಂಗಸೊಬ್ಬಳು, "ಅಯ್ಯೋ, ಇಷ್ಟು ಹೆದರೋರು ಯಾಕಾದ್ರೂ ಹತ್ತಬೇಕು!" ಎಂದು ನಕ್ಕಳು. ಅವನು ಕಟಕಟೆ ಹಿಡಿದುಕೊಂಡ.

ಅವಳು ಇಳಿದು ಬಂದಾಗ ಮುಖ ಊದಿತ್ತು, ಕಣ್ಣು ಕೆಂಪಗಿತ್ತು. ಗಾಳಿಗೆ ಎಲ್ಲರ ಕಣ್ಣೂ ಹಾಗೇ ಆಗಿತ್ತು.

"ನಂಗೊಂದು ಮಾತು ಹೇಳಬಾರದಿತ್ತಾ?" ಎಂದ.

"ಏನಂತ ಹೇಳ್ಲಿ? ಮಗಳನ್ನ ಮಣ್ಣು ಮಾಡೋವಾಗ್ಲೂ 'ಸುಮ್ನಿರು, ಕಣ್ಣು ಊದಿದ್ರೆ ಅಮ್ಮಂಗೆ ಗೊತ್ತಾಗುತ್ತೆ' ಅಂದವರು ನೀವು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಂಟಲು ಒಡೆದುಹೋಗಿತ್ತು. "ಇಲ್ಲಿ ಎಷ್ಟು ಕೂಗಿದ್ರೂ ಏನಾಯ್ತು ಅಂತ ಯಾರೂ ಕೇಳಲ್ಲ. ನಾಳೆ ಮನೆಗೆ ಹೋಗ್ಬೇಕಲ್ಲ, ಅಷ್ಟರಲ್ಲಿ ಆದಷ್ಟು ಅತ್ತುಬಿಡ್ತೀನಿ."

ಅವನು ಚೀಲ, ಚಪ್ಪಲಿಗಳನ್ನು ಬೆಂಚಿನ ಕೆಳಗೆ ತಳ್ಳಿ ಅವಳ ಜೊತೆ ಸಾಲಿನಲ್ಲಿ ನಿಂತ. ಕೂತ ಮೇಲೆ ಕಬ್ಬಿಣದ ಅಡ್ಡಪಟ್ಟಿ ತೊಡೆಯ ಮೇಲೆ ಬಿತ್ತು, ಬಂಡಿ ಏರತೊಡಗಿತು. ಪಕ್ಕದಲ್ಲಿ ಅವಳು ಬಾಯಿಬಿಟ್ಟು ಅಳುತ್ತಿದ್ದಳು. ಅವನೂ ಬಾಯಿ ತೆರೆದ. ಎದೆಯಲ್ಲಿ ಇಷ್ಟು ದಿನ ಕೂತಿದ್ದದ್ದೆಲ್ಲ ಗಂಟಲವರೆಗೆ ಬಂತು, ಅಲ್ಲೇ ಸಿಕ್ಕಿಕೊಂಡಿತು. ತುದಿ ಮುಟ್ಟಿತು, ಬಂಡಿ ಧುಮುಕಿತು, ಸುತ್ತಲಿದ್ದವರೆಲ್ಲ ಕಿರುಚಿದರು. ಅವನ ಬಾಯಿಯೊಳಗೆ ಗಾಳಿ ಹೊಕ್ಕಿತೇ ಹೊರತು ಏನೂ ಹೊರಗೆ ಬರಲಿಲ್ಲ.

ಇಬ್ಬರೂ ಇಳಿದು ನಿಂತರು. "ಆಗ್ಲಿಲ್ಲ ಕಣೇ," ಎಂದ, ತಪ್ಪು ಮಾಡಿದವನ ಹಾಗೆ.

ಅವಳು ಅವನ ಕೈ ಹಿಡಿದು ಸಾಲಿನ ಕಡೆ ಎಳೆದಳು.

"ಇನ್ನೊಂದ್ಸಲ ಬನ್ನಿ. ಮೊದಲನೇ ಸಲ ನಂಗೂ ಬರಲಿಲ್ಲ."