ಸೇಬಿನ ಮರದ ಹಗ್ಗ

ಬಿಷಪ್ಪನನ್ನು ಯಾರು ನೇಮಿಸಬೇಕೆಂದು ರಾಜನಿಗೂ ರೋಮಿನ ಪೋಪನಿಗೂ ಜಗಳ ಹತ್ತಿ, ಪೋಪ್ ಇಡೀ ರಾಜ್ಯಕ್ಕೇ ಬಹಿಷ್ಕಾರ ಹಾಕಿದಂದಿನಿಂದ ಅಲ್ಲಿನ ಮಣ್ಣು ಹೆಣಗಳನ್ನು ಒಪ್ಪುತ್ತಿರಲಿಲ್ಲ. ಎಷ್ಟು ಆಳಕ್ಕೆ ಹೂತರೂ ಬೆಳಗಾಗುವಷ್ಟರಲ್ಲಿ ಮೇಲೆ ತಂದು ಹಾಕುತ್ತಿತ್ತು. ಹಾಗಾಗಿ ಜನ ಸತ್ತವರನ್ನು ಪೆಟ್ಟಿಗೆಯಲ್ಲಿಟ್ಟು ಮರಕ್ಕೆ ತೂಗುಹಾಕುತ್ತಿದ್ದರು. ಗಿಸೆಲಾಳ ಮಗ ಹಿತ್ತಲಿನ ಸೇಬಿನ ಮರದಲ್ಲಿದ್ದ. ಗಾಳಿಗೆ ಹಗ್ಗ ಕಿರುಗುಟ್ಟಿದರೆ ಅವಳು ಒಳಗಿನಿಂದಲೇ, “ಬಂದೆ ಮಗಾ” ಎನ್ನುತ್ತಿದ್ದಳು.

ಮಣ್ಣಿನ ಮನಸ್ಸು ತಿಳಿಯಲು ಎಲ್ಲರಂತೆ ಅವಳೂ ಬೋನಿಗೆ ಬಿದ್ದ ಇಲಿಯನ್ನು ಸಂಜೆ ಮರದ ಬುಡದಲ್ಲಿ ಹೂಳುತ್ತಿದ್ದಳು. ಬೆಳಿಗ್ಗೆ ಅದು ಮೇಲೆ ಬಿದ್ದಿರುತ್ತಿತ್ತು. ಇವತ್ತು ಕಾಣಲಿಲ್ಲ. ಬೆಕ್ಕು ಒಯ್ದಿತೇನೋ ಎಂದು ಕೆದಕಿದಳು. ಇಲಿ ಹೂತಲ್ಲೇ ಇತ್ತು.

ಅಷ್ಟರಲ್ಲಿ ಗೋರಿ ತೋಡುವ ಓಟ್ಟೋ ಸನಿಕೆ ಹಿಡಿದು ಓಡಿಬಂದ. “ಅಕ್ಕಾ, ರಾಜ ಬರಿಗಾಲಲ್ಲಿ ಹೋಗಿ ಪೋಪನ ಕಾಲಿಗೆ ಬಿದ್ದನಂತೆ! ಬಾ, ಬೇಗ ಇಳಿಸೋಣ. ಊರಿಗೆ ಊರೇ ಸ್ಮಶಾನದಲ್ಲಿದೆ.”

ಮಧ್ಯಾಹ್ನದೊಳಗೆ ಮಗ ಮಣ್ಣು ಸೇರಿದ. ಗಿಸೆಲಾ ಮೊದಲ ಸಲ ಮನಸಾರೆ ಅತ್ತಳು. ಹಿತ್ತಲಿಗೆ ಮರಳಿದ ಮೇಲೆ ಓಟ್ಟೋ ಮರ ಹತ್ತಿ, ಕೊಂಬೆಯಲ್ಲಿ ಉಳಿದಿದ್ದ ಹಗ್ಗದ ಗಂಟು ಬಿಚ್ಚತೊಡಗಿದ.

“ಅದು ಅಲ್ಲೇ ಇರಲಿ ಬಿಡಪ್ಪಾ,” ಎಂದಳು ಗಿಸೆಲಾ.

“ಇನ್ಯಾಕಕ್ಕಾ? ರಾಜಿ ಆಯ್ತಲ್ಲ!”

“ಕಾಲಿಗೆ ಬಿದ್ದ ರಾಜ ಎಷ್ಟು ದಿನ ಸುಮ್ಮನಿರ್ತಾನೆ? ನಮ್ಮ ಬಿಷಪ್ಪರಿಗೂ ವಯಸ್ಸಾಯ್ತು. ಅವರು ಹೋದ್ರೆ ಮತ್ತೆ ಅದೇ ಜಗಳ.”

ಓಟ್ಟೋ ನಕ್ಕು ಏನೋ ಹೇಳಹೊರಟ. ಆಗ ಮನೆಯೊಳಗೆ ತಿಂಗಳುಗಳಿಂದ ಹಾಸಿಗೆ ಹಿಡಿದಿದ್ದ ಅವಳ ಗಂಡ ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ಓಟ್ಟೋ ಸಡಿಲಿಸಿದ್ದ ಗಂಟನ್ನು ಮತ್ತೆ ಬಿಗಿದು ಮರದಿಂದಿಳಿದ.