ಅಳುವ ಪಾಠ

ನಟಿಯಾಗಿ, ನಿರ್ದೇಶಕಿಯಾಗಿ ಹೆಸರು ಮಾಡಿದ್ದ ಇಂದುಮತಿ ಈಗ ರಂಗಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಾಳೆ ನಾಟಕ ಎನ್ನುವಾಗ ಶಿಷ್ಯೆ ಶ್ರಾವ್ಯ ಅಳುತ್ತಾ ಫೋನ್ ಮಾಡಿದಳು.

“ಮೇಡಂ, ನಮ್ಮಜ್ಜಿ ತೀರ್ಕೊಂಡ್ರು. ಇವತ್ತು ರಿಹರ್ಸಲ್‌ಗೆ ಬರಕ್ಕಾಗಲ್ಲ.”

ಇಂಥ ನೆಪಗಳನ್ನು ಇಂದುಮತಿ ಬೇಕಾದಷ್ಟು ಕೇಳಿದ್ದರು. “ಅಳು ಬೇಗ ಬಂತು ಕಣೇ. ‘ಅಜ್ಜಿ’ ಅಂದ್ಮೇಲೆ ಒಂದು ಉಸಿರು ತಗೊಂಡು ಮತ್ತೆ ಹೇಳು.”

ಶ್ರಾವ್ಯ ಮತ್ತೆ ಹೇಳಿದಳು. ಈ ಸಲ ಮಾತು ಗಂಟಲಲ್ಲೇ ಒಡೆದು ಬಿಕ್ಕಿಬಿಕ್ಕಿ ಅತ್ತಳು. ಇಂದುಮತಿ ನಾಲಿಗೆ ಕಚ್ಚಿಕೊಂಡರು. ನಿಜವಾದ ದುಃಖಕ್ಕೆ ಪಾಠ ಹೇಳಿಬಿಟ್ಟೆನಲ್ಲ!

“ಕ್ಷಮಿಸಮ್ಮ, ಸುಳ್ಳು ಅಂದ್ಕೊಂಡ್ಬಿಟ್ಟೆ. ನೀನು ಬರಬೇಡ, ಮನೆಯವ್ರ ಜೊತೆ ಇರು.”

ಅಷ್ಟರಲ್ಲಿ ಆ ಕಡೆ ಯಾರೋ ಫೋನ್ ಕಿತ್ತುಕೊಂಡರು. ಮುದುಕಿಯೊಬ್ಬರ ದನಿ ಕೇಳಿಸಿತು:

“ಒಂದೇ ಫೋನಲ್ಲಿ ಎರಡು ಸಲ ಸತ್ತಿದೀನಿ ಮೇಡಮ್ಮೋರೇ, ನಂಗೂ ಒಂದು ಪಾರ್ಟು ಕೊಡಿ.”