ಕುದುರೆಗಾಡಿ ಮೇಡಂ

"ಹತ್ತಲ್ಲ ಮೇಡಂ. ಕೊನೇವರೆಗೂ ಅವಳು ಗಾಡಿ ಹತ್ತೋದೇ ಇಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊಂಡುತನಕ್ಕೂ ಒಂದು ಮಿತಿ ಬೇಡವೇ? ಬೆಳಗಿನಿಂದ ನಿಂತು ಪಾಠ ಮಾಡಿ ಕಾಲು ಪದ ಹೇಳುತ್ತಿದ್ದವು. ಸ್ಟಾಫ್ ರೂಮಿನ ಉಳಿದವರೆಲ್ಲ ಮನೆ ಸೇರಿಯಾಗಿತ್ತು. ಗೇಟಿನಾಚೆ ಯಜಮಾನರು ಸ್ಕೂಟರ್ ಮೇಲೆ ಕೂತು ಕಾಯುತ್ತಿದ್ದರು. ಇವಳೊಬ್ಬಳು ಉತ್ತರ ಪತ್ರಿಕೆ ಹಿಡಿದು ಜಪ್ಪಯ್ಯ ಅಂದರೂ ಕದಲದೆ ನಿಂತಿದ್ದಳು.

ಎರಡು ಮಕ್ಕಳ ತಾಯಿ. ಅರ್ಧಕ್ಕೆ ಓದು ಬಿಟ್ಟು ಮದುವೆಯಾಗಿ, ಈಗ ಮತ್ತೆ ಕಾಲೇಜಿಗೆ ಬಂದವಳು. ಯಾವಾಗಲೂ ಹಿಂದಿನ ಬೆಂಚು. ಮಧ್ಯಾಹ್ನದ ಗಂಟೆ ಹೊಡೆದರೆ ಸಾಕು, ಹಾಸಿಗೆ ಹಿಡಿದ ಅತ್ತೆಗೆ ಊಟ ಕೊಡಬೇಕೆಂದು ಓಟ. ಇಂಗ್ಲಿಷ್ ಪೇಪರಿನಲ್ಲಿ ಮತ್ತೆ ಮತ್ತೆ ಫೇಲು. ಇಂಥವಳು ಪಾಸಾಗುವುದಾದರೂ ಹೇಗೆ?

"ನೋಡಮ್ಮ, ಪರೀಕ್ಷೇಲಿ ನಿನ್ನ ಮನೆ ಕಥೆ ಬರೀಬಾರದು. ಕಾದಂಬರಿ ಕೊನೇಲಿ ಅವನು ಮಂಜಿನಲ್ಲಿ ಗಾಡಿ ತಗೊಂಡು ಬರ್ತಾನೆ. ಅವಳು ಕೈ ಚಾಚ್ತಾಳೆ, ಹತ್ತುತಾಳೆ. ಊರಿನ ಚಿಕ್ಕ ಮಗೂನ ಕೇಳಿದ್ರೂ ಹೇಳುತ್ತೆ."

"ಅವಳು ಗೇಟ್ ಹತ್ರಾನೇ ನಿಂತ್ಕೋತಾಳೆ ಮೇಡಂ. ಗಾಡಿ ಹೋಗಿಬಿಡುತ್ತೆ."

ಅಯ್ಯೋ ದೇವರೇ! ಈ ಕಾದಂಬರಿಯ ವಿಷಯ ಯಾರಿಗೆ ಹೇಳಲು ಬಂದಿದ್ದಾಳೆ? ಪಾದ್ರಿಯ ಮಗಳು, ಸೊಕ್ಕಿನ ಜಮೀನ್ದಾರ, ತಪ್ಪಿ ತಪ್ಪಿ ಹೋಗುವ ಮದುವೆ. ಇಂಗ್ಲಿಷರ ಹಳೇ ಕಾಲವೆಂದರೆ ಮೇಡಂಗೆ ಪ್ರಾಣ. ಪಾಠಕ್ಕೆ ನಿಂತರೆ ಆ ಕಾಲವೇ ಕಣ್ಣಮುಂದೆ ಎದ್ದು ಬರುತ್ತಿತ್ತು. ನಾಯಕಿಯ ನೀಲಿ ಗೌನು, ಮೇಣದಬತ್ತಿಯ ಬೆಳಕಿನ ನೃತ್ಯ, ಕೊನೆಗೆ ಗೊರಸಿನ ಸದ್ದು, ಹಿಂದೆಲ್ಲೋ ಪಿಟೀಲು. ಅಲ್ಲಿಗೆ ಬಂದಾಗ ಪ್ರತಿ ವರ್ಷವೂ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಕ್ಕಳು ಸುಮ್ಮನೆ 'ಕುದುರೆಗಾಡಿ ಮೇಡಂ' ಎಂದು ಅಡ್ಡಹೆಸರಿಟ್ಟಿದ್ದರೇ?

ಫೋನು ಬಡಿದುಕೊಂಡಿತು. ಯಜಮಾನರು. "ಏನೇ, ನಿನ್ನ ಸಾರೋಟು ಬಂದು ಎಷ್ಟೊತ್ತಾಯ್ತು! ಕುದುರೆಗೆ ಹಸಿವಾಗ್ತಿದೆ."

"ಬಂದೆ, ಇರ್ರೀ." ಮೇಡಂ ಫೋನಿಟ್ಟು ಅವಳ ಕಡೆ ತಿರುಗಿದರು. "ನಿಜ ಹೇಳು. ಯಾವ ಗೈಡ್ ನೋಡಿ ಬರೆದೆ ಇದನ್ನ?"

ಗೈಡ್ ಓದಿ ಬರೆಯುವವರನ್ನು ಕಂಡರೆ ಮೇಡಂಗೆ ಮೈಯೆಲ್ಲ ಉರಿ.

"ಗೈಡ್ ಅಲ್ಲ ಮೇಡಂ, ಪುಸ್ತಕಾನೇ ಓದಿದ್ದು. ಲೈಬ್ರರೀಲಿ ಒಂದು ಇತ್ತು. ತುಂಬ ಕಷ್ಟ ಆಯ್ತು. ಒಂದೊಂದು ಹಾಳೆಗೂ ಹೊತ್ತು ಹಿಡೀತು."

"ಅದು ನಿನ್ನ ಇಂಗ್ಲಿಷಿನ ಕಥೆ. ಪುಸ್ತಕ ಏನು ಮಾಡುತ್ತೆ ಪಾಪ?"

ಅವಳು ತಲೆ ತಗ್ಗಿಸಿದಳು. "ಇದೊಂದು ಪೇಪರ್ ಆದ್ರೆ ಸ್ಕೂಲಲ್ಲಿ ಕೆಲಸ ಕೊಡ್ತಾರೆ ಮೇಡಂ. ಇದೇ ಕೊನೇ ಸಲ, ಆಮೇಲೆ ಬೇರೆಯವರನ್ನ ತಗೋತೀವಿ ಅಂದಿದಾರೆ. ಮನೇಲೂ ಅಷ್ಟೇ. ಓದಿದ್ದು ಸಾಕು, ಒಳಗೆ ಬಿದ್ದಿರು ಅಂತಾರೆ."

ಮೇಡಂಗೆ ಕರುಳು ಚುರುಕ್ ಎಂದಿತು. ತಾವು ಹೊಸದಾಗಿ ಕೆಲಸಕ್ಕೆ ಸೇರಿದಾಗಲೂ ಹೀಗೇ ಸುಸ್ತು. ಕೈಗೂಸು, ಮೈತುಂಬ ಕೆಲಸ. ಈ ಕಾದಂಬರಿಯ ಪ್ರತಿಗಳು ಬಂದು ಸೇರುವಷ್ಟರಲ್ಲಿ ಪರೀಕ್ಷೆ ತಲೆಯ ಮೇಲೆ ಬಂದು ಕೂತಿತ್ತು. ಅದರದೇ ಸಿನಿಮಾ ಕ್ಯಾಸೆಟ್ ತರಿಸಿ ತೋರಿಸಿ ಮಕ್ಕಳನ್ನು ಹೇಗೋ ದಡ ಮುಟ್ಟಿಸಿದ್ದರು. ಎಲ್ಲರೂ ಪಾಸು! ಮರುವರ್ಷವೂ ತೋರಿಸಿದರು. ಮಧ್ಯಾಹ್ನ ಪರದೆ ಎಳೆದು ಸಿನಿಮಾ ಹಾಕುವುದು ಹಾಗೇ ರೂಢಿಯಾಯಿತು. ಇವಳಿಗೆ ಆ ಭಾಗ್ಯವೂ ಇಲ್ಲ, ಪಾಪ.

ಬರಿಗೈಯಲ್ಲಿ ಕಳಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಕಣ್ಣಾರೆ ತೋರಿಸಿ ಕಳಿಸಿದರೆ ಇವಳಿಗೂ ಸಮಾಧಾನ, ತಮಗೂ ಸಮಾಧಾನ. ಮೇಡಂ ಉಸ್ಸೆನ್ನುತ್ತ ಎದ್ದರು.

"ಬಾ ಇಲ್ಲಿ. ಪುಸ್ತಕದಲ್ಲೇ ತೋರಿಸ್ತೀನಿ. ನೀನು ಬರೆದ ಹಾಗೇನಾದ್ರೂ ಇದ್ರೆ ಈಗಲೇ ಪಾಸ್ ಮಾಡ್ತೀನಿ. ಇಲ್ದಿದ್ರೆ ಇನ್ನೊಂದು ಮಾತಾಡಬಾರದು. ಸರೀನಾ?"

"ಆಗ್ಲಿ ಮೇಡಂ."

ಗಾಜಿನ ಬೀರುವಿನಲ್ಲಿ ಮೇಡಂ ಅವರ ಸ್ವಂತ ಪ್ರತಿ ಇತ್ತು. ಕಾಲೇಜಿಗೆಂದು ಒಟ್ಟಿಗೆ ತರಿಸಿದವುಗಳಲ್ಲಿ ಒಂದು. ದಪ್ಪ ರಟ್ಟು, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರ. ವರ್ಷಕ್ಕೊಮ್ಮೆ ತಾವೇ ಬಟ್ಟೆಯಿಂದ ಒರೆಸಿ ಇಡುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಮೇಜಿನ ಮೇಲೆ ಪುಸ್ತಕವಿಟ್ಟು ಕೊನೆಯ ಅಧ್ಯಾಯಕ್ಕೆ ಬೆರಳು ಹಾಕಿದರು. ಹಾಳೆ ತೆರೆಯಲಿಲ್ಲ. ಎರಡೆರಡು ಹಾಳೆಗಳು ಮೇಲಂಚಿನಲ್ಲಿ ಕೂಡಿಕೊಂಡಿದ್ದವು. ಹಳೆಯ ಪದ್ಧತಿಯ ಕಟ್ಟು; ಮೊದಲು ಓದುವವರು ತಾವೇ ಅಂಚು ಕತ್ತರಿಸಿಕೊಂಡು ಮುಂದೆ ಹೋಗಬೇಕು. ಮೇಡಂ ನಡುವಿನ ಪುಟಗಳಿಗೆ ಬಂದರು. ಅಲ್ಲೂ ಹಾಗೇ. ಸರಸರನೆ ಮೊದಲ ಅಧ್ಯಾಯಕ್ಕೆ ಬಂದರು. ಅದೂ ಕೂಡಿಕೊಂಡೇ ಇತ್ತು.

"ಲೈಬ್ರರಿ ಪುಸ್ತಕಾನೂ ಹೀಗೇ ಇತ್ತು ಮೇಡಂ," ಅವಳು ಮೆಲ್ಲಗೆ ಚೀಲಕ್ಕೆ ಕೈಹಾಕಿದಳು, "ಸ್ಕೇಲಲ್ಲಿ ಬಿಡಿಸ್ಕೊಂಡು ಓದಿದೆ. ಕೊಡ್ಲಾ?"